ಸ್ಕ್ರೀನ್ ಮೇಲಿನ ಥೆರಪಿ ಒಗ್ಗುತ್ತಿಲ್ಲ. ಎದುರು ಕೂತು ಮಾತಾಡುವ ಸೆಷನ್ ಮತ್ತೆ ಶುರುವಾಗುವವರೆಗೆ ಹೇಗೆ ನಿಭಾಯಿಸುವುದು?

ಸಂಜೆಮುಗಿಲು:

ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇದ್ದವರು ಓದಿ.

ಬಹಳ ದಿನದಿಂದ ಒಬ್ಬರೇ ಥೆರಪಿಸ್ಟ್ ಹತ್ತಿರ ಹೋಗುತ್ತಿದ್ದೇನೆ. ಅಪ್ಪ ಹೋದ ಮೇಲೆ ನಿದ್ದೆ ಬರುತ್ತಿರಲಿಲ್ಲ, ಅದಕ್ಕೇ ಅಂತ ಶುರು ಮಾಡಿದ್ದು. ಆಮೇಲೆ ಅದರ ಹಿಂದಿದ್ದ ಹಳೇ ವಿಷಯಗಳೆಲ್ಲ ಒಂದೊಂದಾಗಿ ಎದ್ದವು. ಈಗ ಅವರಿಗೆ ಬೆನ್ನಿನ ಆಪರೇಷನ್ ಆಗಿದೆ. ಕ್ಲಿನಿಕ್‌ಗೆ ಬಂದು ಗಂಟೆಗಟ್ಟಲೆ ಕೂರುವುದಕ್ಕೆ ಇನ್ನೂ ಕೆಲವು ತಿಂಗಳು ಬೇಕಂತೆ. ಅಲ್ಲಿಯವರೆಗೆ ಮನೆಯಿಂದಲೇ ವೀಡಿಯೊ ಕಾಲ್‌ನಲ್ಲಿ ಮುಂದುವರಿಸೋಣ ಅಂದರು. ಅವರು ನಿಲ್ಲಿಸದೇ ಇದ್ದದ್ದೇ ದೊಡ್ಡದು, ಗೊತ್ತು. ಆದರೆ ನನಗೆ ಆಗುತ್ತಿಲ್ಲ.

ಏನಾಗುತ್ತಿದೆ ಅಂದರೆ, ಕಾಲ್ ಶುರುವಾದ ಕೂಡಲೇ ನನಗೆ ಆಫೀಸ್ ಮೀಟಿಂಗಿನ ಮುಖ ಬಂದುಬಿಡುತ್ತದೆ. ಅದೇ ಲ್ಯಾಪ್‌ಟಾಪ್, ಅದೇ ಕುರ್ಚಿ. "ಈ ವಾರ ಹೇಗಿತ್ತು" ಅಂದರೆ ವರದಿ ಒಪ್ಪಿಸಿ ಮುಗಿಸುತ್ತೇನೆ. ಕ್ಲಿನಿಕ್‌ನಲ್ಲಿ ಎಷ್ಟೋ ಸಲ ನಾನು ಸುಮ್ನೆ ಕೂತಿರುತ್ತಿದ್ದೆ, ಅವರೂ ಸುಮ್ನೆ ಇರುತ್ತಿದ್ದರು, ಆ ಮೌನದಲ್ಲೇ ಯಾವುದೋ ಒಂದು ಮಾತು ಹೊರಗೆ ಬರುತ್ತಿತ್ತು. ಇಲ್ಲಿ ಮೌನ ಬಂತು ಅಂದರೆ "ಕೇಳಿಸುತ್ತಿದೆಯಾ?" ಅಂತ ಕೇಳುತ್ತೇನೆ. ಇಲ್ಲವೇ ಅವರು ಕೇಳುತ್ತಾರೆ. ಅಲ್ಲಿಗೆ ಬಂದ ಮಾತು ಹೋಯಿತು.

ಇನ್ನೊಂದು, ಮನೆ. ಅಮ್ಮ ಪಕ್ಕದ ರೂಮಿನಲ್ಲೇ ಇರುತ್ತಾರೆ. ನಾನು ಮಾತಾಡಬೇಕಾಗಿರುವುದು ಅಮ್ಮನ ಬಗ್ಗೆಯೇ. ಬಾಗಿಲು ಹಾಕಿಕೊಂಡರೂ ದನಿ ತಾನಾಗೇ ಇಳಿಯುತ್ತದೆ, ಅರ್ಧ ವಾಕ್ಯ ನುಂಗಿಕೊಳ್ಳುತ್ತೇನೆ, ಅವರು "ಏನಂದಿರಿ?" ಅಂತಾರೆ, ಮತ್ತೆ ಹೇಳುವ ಧೈರ್ಯ ಇರುವುದಿಲ್ಲ.

ಮುಗಿದ ಮೇಲೆ ಇನ್ನೂ ಕೆಟ್ಟದು. ಕೆಂಪು ಗುಂಡಿ ಒತ್ತಿದರೆ ಅವರು ಮಾಯ. ಅದರ ಹಿಂದೆ ತೆರೆದೇ ಇದ್ದ ಆಫೀಸ್ ಮೇಲ್ ಕಣ್ಣಿಗೆ ಬೀಳುತ್ತದೆ. ಅಳು ಬಂದಿದ್ದರೂ ಅದನ್ನು ಎಲ್ಲಿಡಬೇಕು ಅಂತ ಗೊತ್ತಾಗುವುದಿಲ್ಲ.

ಅವರು ವಾಪಸ್ ಬರುವವರೆಗೆ ಪೂರ್ತಿ ನಿಲ್ಲಿಸಿಬಿಡೋಣ ಅಂತ ಒಂದು ಮನಸ್ಸು. ನಿಲ್ಲಿಸಿದರೆ ಮತ್ತೆ ನಿದ್ದೆ ಕೆಡುತ್ತದೇನೋ ಅಂತ ಭಯ. ಇದನ್ನು ದಾಟಿದವರು ಯಾರಾದರೂ ಇದ್ದರೆ ಹೇಳಿ. "ಪಾಸಿಟಿವ್ ಆಗಿ ಯೋಚಿಸಿ" ಅನ್ನುವವರು ದಯವಿಟ್ಟು ಬೇಡ.

ಹಳೇಸೈಕಲ್:

2020ರಲ್ಲಿ ಎಲ್ಲ ಬಾಗಿಲು ಹಾಕಿದಾಗ ನನ್ನದೂ ರಾತ್ರೋರಾತ್ರಿ ಸ್ಕ್ರೀನ್‌ಗೆ ಬಂತು. ಮೊದಮೊದಲು ನಿಮ್ಮ ಹಾಗೇ. ಆಮೇಲೆ ಒಂದು ಹದಕ್ಕೆ ಬಂತು, ಆದರೆ ತಾನಾಗೇ ಬರಲಿಲ್ಲ.

ಎಲ್ಲಕ್ಕಿಂತ ಮೊದಲು ಗೋಡೆಯ ಸಮಸ್ಯೆ ಬಗೆಹರಿಸಿಕೊಳ್ಳಿ. ಉಳಿದದ್ದೆಲ್ಲ ಆಮೇಲೆ. ಯಾರೋ ಕೇಳಿಸಿಕೊಳ್ಳುತ್ತಿರಬಹುದು ಅನ್ನುವ ಅನುಮಾನ ಒಂದು ಚೂರು ಇದ್ದರೂ ಬಾಯಿ ಕಟ್ಟಿಹೋಗುತ್ತದೆ, ಥೆರಪಿಸ್ಟ್ ಎಷ್ಟೇ ಒಳ್ಳೆಯವರಿರಲಿ. ಇಯರ್‌ಫೋನ್ ಹಾಕಿದರೆ ಅವರ ಮಾತಾದರೂ ಹೊರಗೆ ಹೋಗುವುದಿಲ್ಲ. ನಿಮ್ಮ ಮಾತಿಗೆ, ಬಾಗಿಲ ಹೊರಗಡೆ ಇನ್ನೊಂದು ಹಳೇ ಫೋನಿನಲ್ಲಿ ಮಳೆ ಸದ್ದೋ ಫ್ಯಾನ್ ಸದ್ದೋ ಹಾಕಿಡಿ. ಒಳಗಡೆ ಅಲ್ಲ, ಹೊರಗಡೆ. ಕೇಳುವವರ ಕಿವಿಯ ಹತ್ತಿರ ಸದ್ದು ಇರಬೇಕು. ಎಷ್ಟೋ ಕ್ಲಿನಿಕ್‌ಗಳಲ್ಲಿ ಬಾಗಿಲ ಪಕ್ಕ ಇಂಥದ್ದೇ ಒಂದು ಸಣ್ಣ ಯಂತ್ರ ಗುಂಯ್ ಅನ್ನುತ್ತಿರುತ್ತದೆ, ಗಮನಿಸಿರಬಹುದು.

ಅದೂ ಸಾಲದಿದ್ದರೆ ಜಾಗ ಬದಲಿಸಿ. ನಾನು ನಿಲ್ಲಿಸಿದ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಮಾತಾಡುತ್ತಿದ್ದೆ. ಗಾಜು ಏರಿಸಿದರೆ ಮನೆಯ ಯಾವ ರೂಮಿಗಿಂತಲೂ ಗುಟ್ಟಾದ ಜಾಗ ಅದು. ಅಥವಾ ಅಮ್ಮ ದಿನಾ ಹೊರಗೆ ಹೋಗುವ ಹೊತ್ತು ಯಾವುದಾದರೂ ಇದ್ದರೆ ಸೆಷನ್ ಅನ್ನು ಆ ಹೊತ್ತಿಗೆ ಹಾಕಿಸಿಕೊಳ್ಳಿ. ಥೆರಪಿಸ್ಟ್ ಮನೆಯಲ್ಲೇ ಇದ್ದಾರಲ್ಲ, ಸಮಯ ಬದಲಿಸುವುದು ಅವರಿಗೆ ಈಗ ಅಷ್ಟು ಕಷ್ಟ ಇರಲಿಕ್ಕಿಲ್ಲ. ಯಾವುದೂ ಆಗಲಿಲ್ಲವಾ, ಬಾಯಲ್ಲಿ ಹೇಳಲಾಗದ ಆ ಒಂದು ಸಾಲನ್ನು ಚಾಟ್ ಬಾಕ್ಸಿನಲ್ಲಿ ಟೈಪ್ ಮಾಡಿ. ಅವರು ಓದಿ ತಲೆಯಾಡಿಸಿದರೂ ಸಾಕು, ವಿಷಯ ದಾಟಿತು.

ಎರಡನೇದು, ಸ್ಕ್ರೀನ್. ನಿಮ್ಮ ಮುಖ ನಿಮಗೇ ಕಾಣುವ ಆ ಸಣ್ಣ ಕಿಟಕಿಯನ್ನು ಮುಚ್ಚಿ. ಇವತ್ತೇ ಮಾಡಿ. ಅವರಿಗೆ ನೀವು ಕಾಣುತ್ತೀರಿ, ನಿಮಗೆ ನೀವು ಕಾಣುವುದಿಲ್ಲ, ಅಷ್ಟೇ. ಅಳುವಾಗ ತನ್ನ ಮುಖ ತಾನೇ ನೋಡುತ್ತಾ ಯಾರು ಅಳುತ್ತಾರೆ ಹೇಳಿ? ಕನ್ನಡಿ ಮುಂದೆ ಕೂರಿಸಿದರೆ ಯಾರಾದರೂ ಮುಖ ಸರಿಮಾಡಿಕೊಳ್ಳುತ್ತಾರೆ, ನಿಮ್ಮ ಮೀಟಿಂಗಿನ ಮುಖಕ್ಕೆ ಅರ್ಧ ಕಾರಣ ಅದೇ ಇರಬಹುದು. ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೇಲೆನ್ಸನ್ 2021ರಲ್ಲಿ ವೀಡಿಯೊ ಕಾಲ್ ಯಾಕೆ ಇಷ್ಟು ಸುಸ್ತು ಮಾಡುತ್ತದೆ ಅಂತ ಬರೆದಾಗ ನಾಲ್ಕು ಕಾರಣ ಕೊಟ್ಟಿದ್ದರು. ಮುಖಗಳು ತೀರಾ ಹತ್ತಿರ ಬಂದು ದಿಟ್ಟಿಸುವುದು, ಹೊತ್ತೆಲ್ಲ ನಮ್ಮನ್ನು ನಾವೇ ನೋಡುವುದು, ಅಲುಗಾಡದೆ ಒಂದೇ ಚೌಕಟ್ಟಿನಲ್ಲಿ ಕೂರುವುದು, ಮತ್ತೆ ಸನ್ನೆಗಳನ್ನು ಬೇಕಂತಲೇ ಕಳಿಸಬೇಕಾದ, ಹುಡುಕಬೇಕಾದ ಹೆಚ್ಚಿನ ಕೆಲಸ. ಇದರಲ್ಲಿ ಮೊದಲ ಮೂರಕ್ಕೆ ಔಷಧ ನಮ್ಮ ಕೈಯಲ್ಲೇ ಇದೆ. ಕ್ಯಾಮೆರಾದಿಂದ ದೂರ ಕೂರಿ, ಸೊಂಟದವರೆಗೆ ಕಾಣುವಷ್ಟು. ಕೈಗಳು ಕಾಣಬೇಕು. ಅವರಿಗೂ ಹಾಗೇ ದೂರ ಕೂರುವುದಕ್ಕೆ ಹೇಳಿ. ಅವರ ಕಿಟಕಿಯನ್ನು ಚಿಕ್ಕದು ಮಾಡಿ ಕ್ಯಾಮೆರಾ ಕೆಳಗೆ ಎಳೆದಿಟ್ಟರೆ ಕಣ್ಣಿಗೆ ಕಣ್ಣು ಕೊಟ್ಟ ಹಾಗೆ ಸ್ವಲ್ಪವಾದರೂ ಇರುತ್ತದೆ.

ಮತ್ತೆ ಆಫೀಸಿನ ಲ್ಯಾಪ್‌ಟಾಪ್ ಬೇಡವೇ ಬೇಡ. ಮನಸ್ಸಿಗೆ ಆಫೀಸ್ ನೆನಪಾಗುತ್ತದೆ ಅನ್ನುವುದು ಒಂದು, ಅದರಲ್ಲಿ ಏನೇನು ಗಮನಿಸುವ ಸಾಫ್ಟ್‌ವೇರ್ ಇದೆಯೋ ನಿಮಗೆ ಗೊತ್ತಿಲ್ಲ ಅನ್ನುವುದು ಇನ್ನೊಂದು. ನಿಮ್ಮ ಸ್ವಂತ ಫೋನೇ ಸಾಕು.

ಕೊನೆಯದು, ದಾರಿ. ಕ್ಲಿನಿಕ್‌ಗೆ ಹೋಗಿ ಬರುವ ದಾರಿಯಲ್ಲಿ ಎಷ್ಟು ಕೆಲಸ ಆಗುತ್ತಿತ್ತು ಅಂತ ಅದು ತಪ್ಪಿದ ಮೇಲೇ ತಿಳಿಯುವುದು. ಹೋಗುವಾಗ ಇವತ್ತು ಏನು ಹೇಳಬೇಕು ಅಂತ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಾ ಹೋಗುತ್ತೇವೆ, ಬರುವಾಗ ಹೇಳಿದ್ದನ್ನು ಅರಗಿಸಿಕೊಳ್ಳುತ್ತಾ ಬರುತ್ತೇವೆ, ಮನೆ ಬಾಗಿಲಿಗೆ ಬರುವ ಹೊತ್ತಿಗೆ ಮುಖ ಒಂದು ಹದಕ್ಕೆ ಬಂದಿರುತ್ತದೆ. ಆ ದಾರಿಯನ್ನು ನೀವೇ ಮಾಡಿಕೊಳ್ಳಬೇಕು. ಕಾಲ್‌ಗೆ ಮುಂಚೆ ಹದಿನೈದು ನಿಮಿಷ ನಡೆದು ಬನ್ನಿ, ಮುಗಿದ ಮೇಲೆ ಮತ್ತೆ ನಡೆಯಿರಿ, ಜೊತೆಗೆ ಪಾಡ್‌ಕಾಸ್ಟ್ ಗೀಡ್‌ಕಾಸ್ಟ್ ಏನೂ ಬೇಡ. ಮುಗಿದ ತಕ್ಷಣ ಯಾವ ಮೀಟಿಂಗೂ ಇಟ್ಟುಕೊಳ್ಳಬೇಡಿ.

ಮೂಲೆಬೆಂಚು:

ಒಂದು ಉಲ್ಟಾ ಮಾತು ಹೇಳಿಬಿಡುತ್ತೇನೆ. ನನಗೆ ಸ್ಕ್ರೀನೇ ಚೆನ್ನ. ಈಗ ನನ್ನ ಥೆರಪಿಸ್ಟ್ ಆಫೀಸ್ ತೆರೆದಿದ್ದಾರೆ, ಬನ್ನಿ ಅಂತಾರೆ, ನಾನೇ ಹೋಗುತ್ತಿಲ್ಲ.

ನನಗೆ ಜನರ ಎದುರು ಕೂತರೆ ಬೆವರುವ ಕಾಯಿಲೆ. ಅವರ ರೂಮಿನಲ್ಲಿ ಅರ್ಧ ಸೆಷನ್ ನನ್ನ ಕೈ ಎಲ್ಲಿಡಲಿ ಅನ್ನುವುದರಲ್ಲೇ ಹೋಗುತ್ತಿತ್ತು. ಸ್ಕ್ರೀನಿನಲ್ಲಿ ನನ್ನ ಮನೆ, ನನ್ನ ಮೂಲೆ, ಕಾಲ ಕೆಳಗೆ ನನ್ನ ನಾಯಿ. ಯಾರಿಗೂ ಹೇಳದೇ ಇದ್ದ ವಿಷಯವೊಂದನ್ನು ಅಲ್ಲೇ ಮೊದಲ ಸಲ ಹೇಳಿದ್ದು. ಇದಕ್ಕೆ ಒಂದು ಹೆಸರೂ ಇದೆ, ಆನ್‌ಲೈನ್ ಡಿಸ್‌ಇನ್‌ಹಿಬಿಷನ್ ಎಫೆಕ್ಟ್, ಜಾನ್ ಸುಲರ್ ಅನ್ನುವ ಮನಶ್ಶಾಸ್ತ್ರಜ್ಞ 2004ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಪರದೆ ನಡುವೆ ಇದ್ದರೆ ಮನುಷ್ಯ ಎದುರಿಗಿಂತ ಜಾಸ್ತಿ ಬಿಚ್ಚಿಕೊಳ್ಳುತ್ತಾನೆ. ಒಳ್ಳೆಯದಕ್ಕೂ ಸೈ, ಕಂಡವರನ್ನು ಬೈಯುವುದಕ್ಕೂ ಸೈ.

ಇನ್ನೊಂದು ತಮಾಷೆ. ಎದುರುಬದುರು ಕಣ್ಣಲ್ಲಿ ಕಣ್ಣಿಟ್ಟು ಕೂರುವುದೇ ನಿಜವಾದ ಥೆರಪಿ ಅಂತ ಎಲ್ಲರೂ ಅಂದುಕೊಂಡಿದ್ದಾರಲ್ಲ. ಫ್ರಾಯ್ಡ್ ರೋಗಿಯನ್ನು ಮಲಗಿಸಿ ತಾನು ತಲೆಯ ಹಿಂದೆ, ಕಾಣದ ಹಾಗೆ ಕೂರುತ್ತಿದ್ದ. ಯಾಕಪ್ಪಾ ಅಂದರೆ, ದಿನಕ್ಕೆ ಎಂಟು ಗಂಟೆ ಜನ ತನ್ನನ್ನೇ ದಿಟ್ಟಿಸುವುದು ತನ್ನಿಂದ ಸಹಿಸಲು ಆಗುವುದಿಲ್ಲ ಅಂತ 1913ರಲ್ಲಿ ಅವನೇ ಬರೆದಿದ್ದಾನೆ. ಬೇರೆ ಕಾರಣಗಳನ್ನೂ ಕೊಟ್ಟಿದ್ದ ಬಿಡಿ, ಆದರೆ ಇದನ್ನು ಮುಚ್ಚಿಡಲಿಲ್ಲ. ಟಿವಿ ಮೂಲಕ ಥೆರಪಿಯೂ ಹೊಸದಲ್ಲ. ಅಮೆರಿಕದ ನೆಬ್ರಾಸ್ಕಾದಲ್ಲಿ 1950ರ ದಶಕದ ಕೊನೆಯಲ್ಲೇ ಎರಡೂ ಕಡೆ ಕಾಣುವ ಟಿವಿ ಇಟ್ಟು ಗುಂಪು ಥೆರಪಿ ನಡೆಸಿ ನೋಡಿದ್ದಾರೆ.

ನಿಮಗೆ ಇದು ಇಷ್ಟ ಆಗಲೇಬೇಕು ಅಂತ ಹೇಳುತ್ತಿಲ್ಲ. ಇದು ಕೆಳದರ್ಜೆಯದು, ನಿಜವಾದದ್ದು ಬರುವವರೆಗೆ ಹೇಗೋ ತಳ್ಳಬೇಕು ಅನ್ನುವ ಲೆಕ್ಕದಲ್ಲಿ ಕೂತರೆ ಪ್ರತಿ ಸೆಷನ್ನೂ ಹಾಗೇ ಹೋಗುತ್ತದೆ. ರೂಮಿನಲ್ಲಿ ಹೇಳಲಾಗದ್ದು ಏನಾದರೂ ಇತ್ತಾ ನೋಡಿ. ಇದ್ದರೆ ಅದಕ್ಕೆ ಇದೇ ಒಳ್ಳೆಯ ಸಮಯ.

ಕೇಳುಕಿವಿ:

ನಾನು ಇದೇ ಕೆಲಸದಲ್ಲಿ ಇರುವವನು, ಕೌನ್ಸೆಲರ್. ನಿಮ್ಮನ್ನು ನೋಡದೆ ಹೀಗೇ ಮಾಡಿ ಅಂತ ಹೇಳುವ ಹಾಗಿಲ್ಲ. ಈ ಕಡೆ ಕೂತವರಿಗೆ ಏನು ಕಾಣುತ್ತದೆ ಅಂತ ಹೇಳಬಲ್ಲೆ.

ಮೌನದ ವಿಷಯ ನನಗೂ ದಿನಾ ಕಾಡುತ್ತದೆ. ಎದುರು ಕೂತಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗ. 2009ರಲ್ಲಿ 10 ಭಾಷೆಗಳನ್ನು ಹೋಲಿಸಿ ನೋಡಿದಾಗ, ಚೂರು ಹೆಚ್ಚುಕಡಿಮೆ ಬಿಟ್ಟರೆ ಎಲ್ಲ ಕಡೆಯೂ ಹೀಗೇ. ನೆಟ್ ಸರಿಯಿಲ್ಲದಿದ್ದರೆ ದನಿ ಹೋಗಿ ಬರುವುದಕ್ಕೇ ಇದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. 2014ರ ಒಂದು ಪ್ರಯೋಗದಲ್ಲಿ ಕಾಲ್ ನಡುವೆ ಬೇಕಂತಲೇ ಒಂದು ಸೆಕೆಂಡಿಗೆ ಸ್ವಲ್ಪ ಮೇಲೆ ತಡ ಹಾಕಿದ್ದರು. ಮಾತಾಡಿದವರು ದೂರಿದ್ದು ಲೈನನ್ನಲ್ಲ, ಎದುರಿನವರನ್ನು. ಇವರಿಗೆ ಗಮನ ಕಡಿಮೆ, ಅಷ್ಟೇನೂ ಸ್ನೇಹದ ಮನುಷ್ಯ ಅಲ್ಲ ಅಂದುಕೊಂಡರು. ಇನ್ನು ನಾವು ನಡುನಡುವೆ ಅನ್ನುವ "ಹೂಂ", "ಹ್ಞಾಂ" ಇದೆಯಲ್ಲ, ಅದನ್ನು ಎಷ್ಟೋ ಸಲ ಸಾಫ್ಟ್‌ವೇರ್ ಗದ್ದಲ ಅಂತ ತಿಳಿದು ಅಳಿಸಿಹಾಕುತ್ತದೆ, ಅಥವಾ ನೀವು ಮಾತಾಡುತ್ತಿರುವಾಗ ನಮ್ಮ ದನಿಯನ್ನು ಅದುಮಿಡುತ್ತದೆ. ನಿಟ್ಟುಸಿರಿಗೂ ಅದೇ ಗತಿ. ನಾವು ಇಲ್ಲಿ ಹೂಂಗುಡುತ್ತಲೇ ಇರುತ್ತೇವೆ, ನಿಮಗೆ ಅಲ್ಲಿ ಬಾವಿಗೆ ಮಾತಾಡಿದ ಹಾಗಿರುತ್ತದೆ. ಇಬ್ಬರೂ ಇಯರ್‌ಫೋನ್ ಹಾಕಿಕೊಂಡರೆ ಇದು ಸುಮಾರು ಕಡಿಮೆಯಾಗುತ್ತದೆ.

ನಾನು ಬರುವವರ ಜೊತೆ ಒಂದು ಒಪ್ಪಂದ ಮಾಡಿಕೊಳ್ಳುತ್ತೇನೆ. ಎದೆಯ ಮೇಲೆ ಅಂಗೈ ಇಟ್ಟರೆ "ಲೈನ್ ಸರಿ ಇದೆ, ನಾನು ಸುಮ್ನೆ ಇದ್ದೇನೆ, ಕಾಯಿರಿ" ಅಂತ ಅರ್ಥ. ಅದು ಕಂಡರೆ ನಾನು ಕದಲುವುದಿಲ್ಲ. ಎರಡು ನಿಮಿಷ ಆದರೂ ಸರಿ. ನಿಮ್ಮವರ ಜೊತೆ ಇಂಥದ್ದೊಂದು ಮಾಡಿಕೊಳ್ಳಿ.

ಸ್ಕ್ರೀನಿನಲ್ಲಿ ಥೆರಪಿ ಕೆಲಸ ಮಾಡುತ್ತದಾ ಅಂತ ತುಂಬ ಜನ ಅಧ್ಯಯನ ಮಾಡಿದ್ದಾರೆ. ಖಿನ್ನತೆ, ಆತಂಕ, ಆಘಾತದ ನಂತರದ ತೊಂದರೆ, ಇವುಗಳಲ್ಲಿ ವೀಡಿಯೊ ಥೆರಪಿಯ ಫಲ ಒಟ್ಟಾರೆ ಎದುರು ಕೂತು ಮಾಡಿದ್ದಕ್ಕೆ ಹತ್ತಿರ ಹತ್ತಿರವೇ ಇದೆ. ಗೀಳು ಕಾಯಿಲೆಯಲ್ಲಿ, ಅಂದರೆ ಕೈ ತೊಳೆದದ್ದೇ ತೊಳೆಯುವುದು, ಚಿಲಕ ನೋಡಿದ್ದೇ ನೋಡುವುದು ಅಂಥದ್ದರಲ್ಲಿ, ಮನೆಯಿಂದ ಮಾಡುವುದಕ್ಕೆ ಒಂದು ಅನುಕೂಲವೂ ಇದೆ, ಯಾಕೆಂದರೆ ಭಯ ಹುಟ್ಟಿಸುವ ನಲ್ಲಿ, ಬಾಗಿಲ ಚಿಲಕ ಎಲ್ಲ ಅಲ್ಲೇ ಇರುತ್ತವೆ, ಕ್ಲಿನಿಕ್‌ನಲ್ಲಿ ಇರುವುದಿಲ್ಲ. ಆದರೆ ಸರಾಸರಿ ಅನ್ನುವುದು ನಿಮ್ಮ ಸೆಷನ್ ಬಗ್ಗೆ ಏನೂ ಹೇಳುವುದಿಲ್ಲ, ಹಾಗಾಗಿ ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ನನಗೆ ಮುಖ್ಯ ಅನಿಸುವುದು ಬೇರೆ. 1979ರಲ್ಲಿ ಎಡ್ವರ್ಡ್ ಬೋರ್ಡಿನ್ ಅನ್ನುವ ಮನಶ್ಶಾಸ್ತ್ರಜ್ಞ ಥೆರಪಿಯ ಸಂಬಂಧವನ್ನು ಮೂರಾಗಿ ಬಿಡಿಸಿದರು. ಎಲ್ಲಿಗೆ ಹೋಗಬೇಕು ಅನ್ನುವುದರಲ್ಲಿ ಒಪ್ಪಿಗೆ, ಏನು ಮಾಡಬೇಕು ಅನ್ನುವುದರಲ್ಲಿ ಒಪ್ಪಿಗೆ, ಇಬ್ಬರ ನಡುವಿನ ಬಂಧ. ನಿಮ್ಮದರಲ್ಲಿ ಬಂಧ ಮುರಿದ ಹಾಗೆ ಕಾಣುವುದಿಲ್ಲ. ಏನು ಮಾಡಬೇಕು ಅನ್ನುವುದು ಮಾತ್ರ ಬದಲಾಗಿದೆ, ಅದರ ಬಗ್ಗೆ ಇಬ್ಬರೂ ಕೂತು ಮಾತಾಡಿಲ್ಲ. ಇಲ್ಲಿ ಬರೆದದ್ದನ್ನು ಅವರಿಗೆ ಹೇಳಿದ್ದೀರಾ? ಮೀಟಿಂಗಿನ ಮುಖ, ನುಂಗಿದ ವಾಕ್ಯ, ಕೆಂಪು ಗುಂಡಿ, ಇದೇ ಮಾತುಗಳಲ್ಲಿ? ಹೇಳಿರದಿದ್ದರೆ ಮುಂದಿನ ಸೆಷನ್ ಪೂರ್ತಿ ಇದಕ್ಕೇ ಇಡಿ. ಬರುವವರು ಚೆನ್ನಾಗಿದ್ದೇನೆ ಅಂದರೆ ಸ್ಕ್ರೀನಿನಲ್ಲಿ ನಮಗೆ ಬೇರೆ ಸುಳಿವು ಕಡಿಮೆ. ನಡುಗುವ ಕಾಲು ಕಾಣುವುದಿಲ್ಲ.

ಒಂದು ವಿಷಯ ಎಲ್ಲರಿಗೂ. ಪ್ರತಿ ಸಲ ನೀವು ಎಲ್ಲಿ ಕೂತಿದ್ದೀರಿ ಅಂತ ಅವರಿಗೆ ಗೊತ್ತಿರಬೇಕು, ಲೈನ್ ಕಟ್ಟಾದರೆ ಯಾರು ಯಾರಿಗೆ ಫೋನ್ ಮಾಡಬೇಕು ಅಂತ ಮೊದಲೇ ಮಾತಾಗಿರಬೇಕು, ತುರ್ತಿದ್ದರೆ ಕರೆಯಬಹುದಾದ ಒಬ್ಬರ ನಂಬರ್ ಅವರ ಹತ್ತಿರ ಇರಬೇಕು. ಕೇಳದಿದ್ದರೆ ನೀವೇ ಕೊಡಿ. ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ, ಮುಂದಿನ ವೀಡಿಯೊ ಸೆಷನ್‌ಗೆ ಕಾಯುವ ಮಾತೇ ಇಲ್ಲ. ಹತ್ತಿರದ ಆಸ್ಪತ್ರೆಗೆ ಹೋಗಿ, ಸಹಾಯವಾಣಿಗೆ ಕರೆ ಮಾಡಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ.

ಸಂಜೆಮುಗಿಲು:

ಇಷ್ಟು ಜನ ಇಷ್ಟು ಉದ್ದ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಥ್ಯಾಂಕ್ಸ್. ನನ್ನ ಮುಖದ ಕಿಟಕಿ ಮುಚ್ಚಬಹುದು ಅಂತಲೇ ಗೊತ್ತಿರಲಿಲ್ಲ, ಈಗಷ್ಟೇ ಹುಡುಕಿ ಮುಚ್ಚಿದೆ. ಸಾಯುವ ಯೋಚನೆ ಅಂಥದ್ದೇನೂ ಇಲ್ಲ, ಅದನ್ನು ಹೇಳಿಬಿಡುತ್ತೇನೆ.

ಕೇಳುಕಿವಿಯವರೇ, ಇಲ್ಲ, ಹೇಳಿಲ್ಲ. ಹೇಗೆ ಹೇಳಲಿ? ಅವರು ದಿಂಬು ಒರಗಿ ಕೂತಿರುವುದು ಕಾಣುತ್ತದೆ. ಸೆಷನ್ ನಡುವೆ ಒಂದೊಂದು ಸಲ ಜರುಗಿ ಕೂರುತ್ತಾರೆ, ಆಗ ಮುಖ ಕಿವುಚುವುದು ಗೊತ್ತಾಗುತ್ತದೆ. ಅಷ್ಟು ನೋವಿನಲ್ಲೂ ನನಗೆ ಅಂತ ಸಮಯ ಕೊಡುತ್ತಿರುವವರಿಗೆ "ಇದು ಸಾಲುತ್ತಿಲ್ಲ" ಅನ್ನುವುದು ಸರಿನಾ? ನಿಜ ಹೇಳಬೇಕು ಅಂದರೆ ಮೊನ್ನೆ ನಾನೇ ಹತ್ತು ನಿಮಿಷ ಮುಂಚೆ ಮುಗಿಸಿದೆ. ಇವತ್ತಿಗೆ ಇಷ್ಟೇ, ನೀವು ರೆಸ್ಟ್ ತೊಗೊಳ್ಳಿ ಅಂದೆ.

ಕೇಳುಕಿವಿ:

ಈ ಕೊನೆಯ ಸಾಲು ಓದಿ ಒಂದು ಪ್ರಶ್ನೆ. ಇಲ್ಲಿ ಉತ್ತರ ಬರೆಯಬೇಕಿಲ್ಲ.

ಪಕ್ಕದ ರೂಮಿನಲ್ಲಿರುವ ಅಮ್ಮನಿಗೆ ನೋವಾಗದ ಹಾಗೆ ದನಿ ಇಳಿಸುತ್ತೀರಿ. ಸ್ಕ್ರೀನಿನಲ್ಲಿರುವ ಥೆರಪಿಸ್ಟ್‌ಗೆ ನೋವಾಗದ ಹಾಗೆ ಬೇಗ ಮುಗಿಸುತ್ತೀರಿ. ನಿಮ್ಮ ಸಮಯವನ್ನು ಕತ್ತರಿಸಿ ಅವರಿಗೆ ಕೊಟ್ಟಿರಿ. ಇದು ನಿಮಗೆ ಹೊಸ ಅಭ್ಯಾಸವಾ?

ಹೊಸದಲ್ಲ ಅಂತಾದರೆ, ನೀವು ಥೆರಪಿಗೆ ಹೋಗಿರುವ ವಿಷಯವೇ ಈಗ ಸೆಷನ್ ಒಳಗೆ ಬಂದು ಕೂತಿದೆ. ಕ್ಲಿನಿಕ್‌ನಲ್ಲಿ ಅವರು ಯಾವಾಗಲೂ ಗಟ್ಟಿಯಾಗಿ ಕಾಣುತ್ತಿದ್ದರು, ಅಲ್ಲಿ ಇದು ಮೇಲೆ ಬರುವ ಸಂದರ್ಭವೇ ಇರಲಿಲ್ಲ ಅನಿಸುತ್ತದೆ. ಇದನ್ನು ಅವರಿಗೆ ಹೇಳುವುದು ದೂರು ಅಲ್ಲ. ಇಂಥದ್ದು ಬಂದರೆ ನಮ್ಮಲ್ಲಿ ಹೆಚ್ಚಿನವರು ನೆಟ್ಟಗೆ ಕೂರುತ್ತೇವೆ, ಬೆನ್ನು ನೋವಿದ್ದರೂ.

ಮತ್ತೆ, ಅವರ ಬೆನ್ನು ಅವರ ಜವಾಬ್ದಾರಿ. ಆಗದಿದ್ದರೆ ಆಗುವುದಿಲ್ಲ ಅನ್ನುವುದು ಅವರ ಕೆಲಸ. ಅದನ್ನು ಅವರಿಗೇ ಬಿಡಿ.

ಅರ್ಧನಿದ್ದೆ:

ತಡವಾಗಿ ನೋಡಿದೆ. ನಿಲ್ಲಿಸಲಾ ಅಂತ ಕೇಳಿದ್ದಿರಲ್ಲ, ನಾನು ನಿಲ್ಲಿಸಿದವಳು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಆಘಾತದ ಕೆಲಸ, ಇಎಂಡಿಆರ್, ಅಂದರೆ ಕೆಟ್ಟ ನೆನಪನ್ನು ಮನಸ್ಸಿಗೆ ತಂದುಕೊಂಡು ಕಣ್ಣನ್ನು ಆಕಡೆ ಈಕಡೆ ಆಡಿಸುತ್ತಾ ಮಾಡುವ ಥೆರಪಿ. ಎದುರಿದ್ದಾಗ ಅವರ ಬೆರಳು ಕಣ್ಣ ಮುಂದೆ ಆಕಡೆ ಈಕಡೆ ಆಡುವುದನ್ನು ನೋಡುತ್ತಾ ಮಾಡುತ್ತಿದ್ದೆವು. ಆನ್‌ಲೈನಿನಲ್ಲಿ ಅದರ ಬದಲು ಎರಡೂ ಕೈಯನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಂಡು ಚಿಟ್ಟೆ ರೆಕ್ಕೆ ಬಡಿದ ಹಾಗೆ ಒಂದಾದ ಮೇಲೊಂದು ತಟ್ಟಿಕೊಳ್ಳುವುದು. ಮೆಕ್ಸಿಕೋದಲ್ಲಿ 1997ರ ಪೌಲಿನ್ ಚಂಡಮಾರುತದಲ್ಲಿ ಸಿಕ್ಕಿಕೊಂಡ ಮಕ್ಕಳ ಜೊತೆ ಕೆಲಸ ಮಾಡುತ್ತಾ ಲೂಸಿನಾ ಆರ್ಟಿಗಾಸ್, ಇಗ್ನಾಸಿಯೊ ಹರೇರೊ ಇದನ್ನು ಬೆಳೆಸಿದರು. ತಂತ್ರ ಚೆನ್ನಾಗೇ ಇತ್ತು. ಆದರೆ ಮೈ ನಡುಗುವ ಹೊತ್ತಿಗೆ ರೂಮಿನಲ್ಲಿ ಇನ್ನೊಂದು ಜೀವ ಇಲ್ಲ ಅನ್ನುವುದು ನನಗೆ ಆಗಲಿಲ್ಲ. ಹಾಗಂತ ಅವರಿಗೆ ಹೇಳಿದೆ. ಇಬ್ಬರೂ ಕೂಡಿ ಒಂದು ತೀರ್ಮಾನಕ್ಕೆ ಬಂದೆವು. ಹಳೆಯದನ್ನು ಕೆದಕುವ ಕೆಲಸಕ್ಕೆ ಬಿಡುವು, ಮತ್ತೆ ಕ್ಲಿನಿಕ್ ತೆರೆದ ಮೇಲೆ. ಅಲ್ಲಿಯವರೆಗೆ ಎರಡು ವಾರಕ್ಕೊಮ್ಮೆ ಬರೀ ಫೋನ್, ವೀಡಿಯೊ ಇಲ್ಲ. ನಿದ್ದೆ, ಔಷಧ, ಆ ವಾರ ತಲೆ ಮೇಲೆ ಕೂತದ್ದು ಏನು, ಅಷ್ಟೇ ಮಾತು.

ಅಂದರೆ ನಿಲ್ಲಿಸುವುದರಲ್ಲೂ ಎರಡು ಥರ ಇದೆ. ಹೇಳದೆ ಕೇಳದೆ ಕ್ಯಾನ್ಸಲ್ ಮಾಡುತ್ತಾ ಮಾಡುತ್ತಾ ದೂರ ಆಗುವುದು ಒಂದು. ಏನು ನಿಲ್ಲುತ್ತದೆ, ಏನು ಮುಂದುವರಿಯುತ್ತದೆ, ನಿದ್ದೆ ಕೆಟ್ಟರೆ ಎಷ್ಟು ದಿನದೊಳಗೆ ಫೋನ್ ಮಾಡಬೇಕು ಅಂತ ಮಾತಾಡಿಕೊಂಡು ನಿಲ್ಲಿಸುವುದು ಇನ್ನೊಂದು. ಮಾಡುವುದಾದರೆ ಎರಡನೇದು ಮಾಡಿ.

ಬರೀ ಫೋನ್ ನನಗೆ ಒಗ್ಗಿದ್ದು ಯಾಕೆ ಅಂದರೆ, ನಡೆಯುತ್ತಾ ಮಾತಾಡಬಹುದಿತ್ತು. ಮುಖ ನೋಡುವ ತಾಪತ್ರಯ ಇಲ್ಲ. ನಿಮ್ಮ ಮೀಟಿಂಗಿನ ಮುಖಕ್ಕೂ ಇದು ಆಗಬಹುದು, ಒಂದು ಸಲ ಕೇಳಿ ನೋಡಿ. ಜನ ಕಡಿಮೆ ಇರುವ ದಾರಿ ಇರಬೇಕು ಅಷ್ಟೇ. ದೊಡ್ಡ ವಿಷಯ ಬಂದರೆ ಎಲ್ಲಾದರೂ ಕೂತುಬಿಡಿ, ನಡೆಯುತ್ತಾ ಅಳುವುದು ಕಷ್ಟ.

ಆಮೇಲೆ ವಾಪಸ್ ಹೋದಾಗಿನದ್ದು ಯಾರೂ ಬರೆದಿಲ್ಲ. ಮತ್ತೆ ಆ ರೂಮಿಗೆ ಹೋದ ಮೊದಲ ದಿನ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಫೋನಿನಲ್ಲಿ ಸಲೀಸಾಗಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಮನುಷ್ಯ ಎದುರಿಗೆ ಕೂತಿದ್ದಾರೆ, ನನಗೋ ನಾಚಿಕೆ. ಎಷ್ಟು ಹತ್ತಿರ ಕೂತಿದ್ದಾರೆ ಅನಿಸಿತು. ಅವರಿಗೂ ಹಾಗೇ ಅನಿಸಿತಂತೆ, ಕುರ್ಚಿ ಸ್ವಲ್ಪ ಹಿಂದಕ್ಕೆ ಹಾಕಿಕೊಂಡರು. ಸುಮಾರು ದಿನ ಹಿಡಿಯಿತು ಹಳೇ ಲಯಕ್ಕೆ ಬರುವುದಕ್ಕೆ. ಆ ದಿನದ ಮೇಲೆ ತುಂಬ ಆಸೆ ಇಟ್ಟುಕೊಳ್ಳಬೇಡಿ.

ಮೂಲೆಬೆಂಚು:

ಅದಕ್ಕೇ ನಾನು ಹೋಗುತ್ತಿಲ್ಲ ಅಂದಿದ್ದು 😄

ಅರ್ಧನಿದ್ದೆಯವರು ಹೇಳಿದ್ದಕ್ಕೆ ನನ್ನದೂ ಒಂದು. ಆಘಾತದ ವಿಷಯಕ್ಕೆ ಸ್ಕ್ರೀನ್ ಚೆನ್ನ ಅಂತ ನಾನು ಹೇಳುವುದಿಲ್ಲ. ನನ್ನದು ಬರೀ ನಾಚಿಕೆ, ಬೆವರು.

ಸಂಜೆಮುಗಿಲು:

ಕೇಳುಕಿವಿಯವರ ಪ್ರಶ್ನೆಗೆ ಉತ್ತರ ಬರೆಯಬೇಕಿಲ್ಲ ಅಂದಿದ್ದೀರಿ, ಬರೆಯುವುದಿಲ್ಲ. ಆದರೆ ಓದಿದ ಮೇಲೆ ಫೋನ್ ಕೆಳಗಿಟ್ಟು ಸುಮಾರು ಹೊತ್ತು ಕೂತಿದ್ದೆ.

ಪೂರ್ತಿ ನಿಲ್ಲಿಸುವುದಿಲ್ಲ. ಮುಂದಿನ ಸೆಷನ್ ಬುಧವಾರ. ಹತ್ತು ನಿಮಿಷ ಮುಂಚೆ ಮುಗಿಸಿದ್ದರ ಬಗ್ಗೆಯೇ ಶುರು ಮಾಡುತ್ತೇನೆ. ಬಾಯಿ ಬರದಿದ್ದರೆ ಇಲ್ಲಿ ಬರೆದದ್ದನ್ನೇ ಚಾಟ್‌ಗೆ ಹಾಕಿಬಿಡುತ್ತೇನೆ. ಅಂಗೈ ಸನ್ನೆಯನ್ನೂ ಕೇಳುತ್ತೇನೆ. ಫೋನಿನಲ್ಲಿ ನಡೆಯುತ್ತಾ ಮಾಡುವುದು ಸದ್ಯಕ್ಕೆ ಬೇಡ ಅನಿಸುತ್ತದೆ, ಅವರ ಮುಖ ಕಾಣದಿದ್ದರೆ ಇನ್ನೂ ಜಾಸ್ತಿ ಊಹೆ ಮಾಡುತ್ತೇನೆ.

ಹಳೇಸೈಕಲ್ ಅವರೇ, ಕಾರು ತಮ್ಮನದು ಇದೆ, ಆ ಹೊತ್ತಿಗೆ ಕೊಡುತ್ತಾನೆ. ಗಾಜು ಏರಿಸಿದರೆ ನಿಜವಾಗಿಯೂ ಹೊರಗೆ ಕೇಳಿಸುವುದಿಲ್ಲವಾ? ಹೋಗಿ ಬರುವವರು ನೋಡಿದರೆ ಏನಂದುಕೊಳ್ಳುತ್ತಾರೋ ಅಂತ.

ಹಳೇಸೈಕಲ್:

ಮಾಮೂಲಿ ದನಿಯಲ್ಲಿ ಮಾತಾಡಿದರೆ ನಾಲ್ಕು ಹೆಜ್ಜೆ ಆಚೆಗೆ ಮಾತು ಏನೂ ತಿಳಿಯುವುದಿಲ್ಲ. ಬೇಕಾದರೆ ತಮ್ಮನನ್ನೇ ಹೊರಗೆ ನಿಲ್ಲಿಸಿ ಒಂದು ಸಲ ಪರೀಕ್ಷೆ ಮಾಡಿ. ಮಾತು ಕಾರಿನ ಸ್ಪೀಕರಿಗೆ ಹೋಗದ ಹಾಗೆ ಫೋನಿನ ಬ್ಲೂಟೂತ್ ಆಫ್ ಮಾಡಿ, ಕೆಲವು ಕಾರಿನಲ್ಲಿ ಅದು ತಾನಾಗೇ ಜೋಡಿಸಿಕೊಂಡುಬಿಡುತ್ತದೆ, ಆಮೇಲೆ ಅರ್ಧ ಬೀದಿಗೆ ಕೇಳುತ್ತದೆ. ಹಾಗಾಗಿ ವೈರ್ ಇರುವ ಇಯರ್‌ಫೋನೇ ಒಳ್ಳೆಯದು.

ನೋಡಿದವರು ಯಾರೋ ಆಫೀಸ್ ಕಾಲ್‌ನಲ್ಲಿ ಇದ್ದಾರೆ ಅಂದುಕೊಳ್ಳುತ್ತಾರೆ, ಅಷ್ಟೇ. ಹಿಂದಿನ ಸೀಟಿನಲ್ಲಿ ಕೂರಿ, ಮುಂದಿನ ಸೀಟಿಗಿಂತ ಕಡಿಮೆ ಕಾಣುತ್ತೀರಿ. ನೆರಳಲ್ಲಿ ನಿಲ್ಲಿಸಿ, ಗಾಜು ಏರಿಸಿದ ಕಾರು ಬಿಸಿಲಲ್ಲಿ ಬೇಗ ಕಾಯುತ್ತದೆ. ಫೋನನ್ನು ಕೈಯಲ್ಲಿ ಹಿಡಿಯಬೇಡಿ, ಮುಂದಿನ ಸೀಟಿನ ತಲೆದಿಂಬಿಗೆ ಕಟ್ಟುವ ಸ್ಟ್ಯಾಂಡ್ ಸಿಗುತ್ತದೆ. 50 ನಿಮಿಷ ಹಿಡಿದರೆ ತೋಳು ಬಿದ್ದುಹೋಗುತ್ತದೆ, ಕೈಗಳೂ ಅವರಿಗೆ ಕಾಣುವುದಿಲ್ಲ. ಮುಗಿದ ಮೇಲೆ ಕೂಡಲೇ ಗಾಡಿ ಓಡಿಸಬೇಡಿ. ಇಳಿದು ಒಂದು ಸುತ್ತು ನಡೆದು ಬನ್ನಿ, ಆಮೇಲೆ ಹೊರಡಿ.